ಗುದ್ದಲಿ ನಾಟದ ನೆಲ, ಬೆಂಕಿ ಉಕ್ಕುವ ನೆಲ

ಮಧುಗಿರಿ

"ಕಲ್ಲು ನೋಡೋಕೆ ಐಸ್‌ಲ್ಯಾಂಡಿಗೆ ಹೋಗ್ಬೇಕೇನೇ? ಕಿಟಕಿ ತೆಗಿ ಸಾಕು" ಎಂದರು ನಮ್ಮ ಯಜಮಾನರು.

ನಮ್ಮ ಅಡುಗೆಮನೆಯ ಕಿಟಕಿ ತೆಗೆದರೆ ಎದುರಿಗೇ ಮಧುಗಿರಿ ಬೆಟ್ಟ. ಇಡೀ ಬೆಟ್ಟ ಒಂದೇ ಕಲ್ಲು, ಅದರ ಮೇಲೊಂದು ಹಳೇ ಕೋಟೆ. ಆಕಾಶ ಕಾಣಬೇಕೆಂದರೆ ಕತ್ತು ಹೊರಗೆ ಚಾಚಬೇಕು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಅಷ್ಟು ಹೊತ್ತಿಗೆ ನಾನು ಟಿಕೆಟ್ ಮಾಡಿಸಿ ಆಗಿತ್ತು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದವಳು. ಕೊರಟಗೆರೆ, ಶಿರಾ, ಕೊನೆಗೆ ಮಧುಗಿರಿ, ಹೋದಲ್ಲೆಲ್ಲ ಹಲಗೆಯ ಮೇಲೆ ಜ್ವಾಲಾಮುಖಿ ಬರೆದಿದ್ದೇನೆ. ಒಂದು ತ್ರಿಕೋನ, ನಡುವೆ ಕೊಳವೆ, ತುದಿಯಲ್ಲಿ ಕೆಂಪು ಸೀಮೆಸುಣ್ಣದ ಬೆಂಕಿ. "ಮಿಸ್, ನೀವು ನೋಡಿದೀರಾ?" ಎಂದು ಯಾರಾದರೂ ಕೇಳಿದರೆ "ಮೊದ್ಲು ಭಾಗಗಳನ್ನ ಗುರುತಿಸ್ರೋ" ಎಂದು ಗದರುತ್ತಿದ್ದೆ. ನಿವೃತ್ತಿಯಾದ ಮೇಲೆ ಗದರಲು ಯಾರೂ ಉಳಿಯಲಿಲ್ಲ. ಒಮ್ಮೆ ನೋಡಿಯೇ ಬಿಡೋಣ ಎನ್ನಿಸಿತು. ಯಜಮಾನರಿಗೆ ವಿಮಾನವೆಂದರೆ ಕೈಕಾಲು ನಡುಕ. ಅದಕ್ಕೇ ಅಕ್ಕನನ್ನು ಹೊರಡಿಸಿದೆ.

ನನ್ನ ಅಕ್ಕ ಗಂಗಮ್ಮನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಭಾವ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದರು. ಪಾವಗಡ, ಶಿರಾ, ಕೊರಟಗೆರೆ ಎಂದು ಅಕ್ಕನ ಸಂಸಾರವೆಲ್ಲ ಪೊಲೀಸ್ ಕ್ವಾರ್ಟರ್ಸ್‌ಗಳಲ್ಲೇ ಕಳೆಯಿತು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಯಾರದೋ ಅಪ್ಪಣೆ. ಅವಳಿಗೆ ಇದ್ದದ್ದು ಒಂದೇ ಆಸೆ, ಸ್ವಂತ ಮನೆ. ಬೆಟ್ಟದ ಮೇಲೆ ಮೂರು ಕಲ್ಲು ಒಂದರ ಮೇಲೊಂದು ಜೋಡಿಸಿ ಕೈಮುಗಿದರೆ ಮನೆಯಾಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಸಿದ್ದರಬೆಟ್ಟ ಹತ್ತಿದವರು ದಾರಿಯುದ್ದಕ್ಕೂ ಆ ಪುಟ್ಟ ಪುಟ್ಟ ಮನೆಗಳನ್ನು ನೋಡಿರುತ್ತೀರಿ. ಅವುಗಳಲ್ಲಿ ಎಷ್ಟೋ ನಮ್ಮಕ್ಕನವು. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಮನೆಗೇ ಬಂದಳು. ಊರಾಚೆ ಬೆಟ್ಟದ ಮಗ್ಗುಲಲ್ಲಿ ಒಂದು ಸೈಟೂ ಆಯಿತು.

ಗುದ್ದಲಿ ಪೂಜೆಯ ದಿನ ಅನಾಹುತವಾಯಿತು. ಆ ಸೈಟಿನಲ್ಲಿ ಗೇಣುದ್ದ ಮಣ್ಣು, ಅದರ ಕೆಳಗೆ ಬರೀ ಬಂಡೆ. ಮಂತ್ರ ಮುಗಿದು ಅಕ್ಕ ಗುದ್ದಲಿ ಎತ್ತಿ ಹಾಕಿದ್ದೇ ತಡ, ಠಣ್ಣೆಂದು ಹಾರಿ, ಕಾವು ಮುರಿದು, ಗುದ್ದಲಿಯ ಎಲೆ ಪೂಜೆ ಮಾಡಿಸುತ್ತಿದ್ದ ಅಯ್ಯನವರ ಕಾಲ ಬಳಿ ಬಿತ್ತು. "ಭೂಮ್ತಾಯಿ ಒಪ್ತಾ ಇಲ್ಲ ಕಣಮ್ಮ" ಎಂದು ಯಾರೋ ಮೆಲ್ಲಗೆ ಅಂದೂ ಬಿಟ್ಟರು. ವಾರದೊಳಗೆ ಒಬ್ಬ ಗಿರಾಕಿ ಬಂದ. ಅವನಿಗೆ ಗೋಡೌನಿಗೆ ಜಾಗ ಬೇಕಿತ್ತಂತೆ. ನಾವು ಪ್ರವಾಸದಿಂದ ಬರುವಷ್ಟರಲ್ಲಿ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಅಕ್ಕ ಆ ಯೋಚನೆಯನ್ನು ಚಟ್ನಿಪುಡಿಯ ಜೊತೆಗೆ ಕಟ್ಟಿಕೊಂಡೇ ವಿಮಾನ ಹತ್ತಿದಳು.

ರೇಕ್ಯಾವಿಕ್‌ನ ಬಚ್ಚಲುಮನೆ

ವಿಮಾನ ಇಳಿಯುವಾಗ ಕೆಳಗೆ ನೋಡಿದರೆ ಹಸಿರಿಲ್ಲ, ಕೆಂಪಿಲ್ಲ, ನೆಲವೆಲ್ಲ ಕರಿ. "ಯಾರೋ ಸುಟ್ಟಾಕ್ಬುಟ್ಟವ್ರೆ ಕಣೇ" ಎಂದಳು ಅಕ್ಕ. ಅವಳು ಹೇಳಿದ್ದು ಅಕ್ಷರಶಃ ನಿಜ.

ರಾಜಧಾನಿ ರೇಕ್ಯಾವಿಕ್‌ನಲ್ಲಿ ನಾವು ಉಳಿದುಕೊಂಡದ್ದು ಹೆಲ್ಗಾ ಎಂಬ ಹೆಂಗಸಿನ ಮನೆಯಲ್ಲಿ. ನನ್ನಷ್ಟೇ ವಯಸ್ಸು, ಎತ್ತರದ ಆಳು, ಮಾತು ಕಡಿಮೆ. ತಾನಿರುವ ಬಾಡಿಗೆ ಮನೆಯ ಒಂದು ಕೋಣೆಯನ್ನು ಪ್ರವಾಸಿಗರಿಗೆ ಬಿಡುತ್ತಿದ್ದಳು. ಅಕ್ಕ ಮೊದಲ ಗಳಿಗೆಯಿಂದಲೇ ಅವಳನ್ನು ಹೆಲ್ಗಮ್ಮ ಎಂದಳು. ಕನ್ನಡದಲ್ಲಿ ಮಾತಾಡಿಸಿದಳು. ಹೆಲ್ಗಾ ಮಿಕಿಮಿಕಿ ನೋಡಿದಾಗ ತೆಲುಗಿಗೆ ಹೊರಳಿದಳು. ಪಾವಗಡದಲ್ಲಿ ಸಂಸಾರ ಮಾಡಿದವಳಲ್ಲವೇ, ಕನ್ನಡ ಬಾರದವರಿಗೆ ತೆಲುಗು ಬಂದೇ ಬರುತ್ತದೆ ಎನ್ನುವುದು ಅವಳ ಸಿದ್ಧಾಂತ. ಆ ಸಿದ್ಧಾಂತ ಐಸ್‌ಲ್ಯಾಂಡಿನಲ್ಲೂ ಕೊನೆಯವರೆಗೆ ಅಲುಗಾಡಲಿಲ್ಲ.

ಮಾರನೆಯ ಬೆಳಗ್ಗೆ ಬಚ್ಚಲಿನಿಂದ ಕೂಗು ಕೇಳಿಸಿತು.

"ಲೇ, ಬಾರೇ ಇಲ್ಲಿ! ಇವಳು ಮೊಟ್ಟೆ ಬೇಯ್ಸಿದ್ ನೀರನ್ನ ನಲ್ಲಿಗೆ ಬುಟ್ಟವಳೆ!"

ಅಕ್ಕ ಒದ್ದೆ ಸೀರೆಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ನಿಂತಿದ್ದಳು. ಬಿಸಿನೀರು ಗಬ್ಬೆಂದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಜನ್ಮದಲ್ಲಿ ಮೊಟ್ಟೆ ಮುಟ್ಟದವಳು ಆ ನೀರಿನಲ್ಲಿ ಲಿಂಗಪೂಜೆ ಮಾಡುವುದು ಹೇಗೆ?

ನಾನು ಸ್ನಾನದ ಮನೆಯಲ್ಲೇ ಪಾಠ ಶುರು ಮಾಡಿದೆ. ಈ ಊರಿನಲ್ಲಿ ನೀರು ಕಾಯಿಸಲು ಒಲೆಯಿಲ್ಲ, ಬಾಯ್ಲರಿಲ್ಲ. ನೆಲದೊಳಗಿನ ಬೆಂಕಿಯೇ ಕಾಯಿಸಿದ ನೀರು ಕೊಳವೆಯಲ್ಲಿ ಮನೆಮನೆಗೆ ಬರುತ್ತದೆ. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದೂ ಅದೇ. ಆ ವಾಸನೆ ಗಂಧಕದ್ದು. ಪಕ್ಕದ ತಣ್ಣೀರಿನ ನಲ್ಲಿ ತಿರುಗಿಸಿದೆ. ಅದು ಬೇರೆಯೇ ಊಟೆಯ ನೀರು, ಕಲ್ಲಿನ ಸಂದಿಯಲ್ಲಿ ಸೋಸಿಕೊಂಡು ಬಂದದ್ದು. ವಾಸನೆಯಿಲ್ಲ, ಸೋಸುವ ಗೋಜಿಲ್ಲ, ಹಲ್ಲು ಜುಮ್ಮೆನ್ನುವಷ್ಟು ತಂಪು. ಅಕ್ಕ ಒಂದು ಬೊಗಸೆ ಕುಡಿದಳು, ಇನ್ನೊಂದು ಬೊಗಸೆ ಕುಡಿದಳು.

"ಸೌದೆ ಇಲ್ದೆ ಊರಿಗೆಲ್ಲಾ ನೀರು ಕಾಯ್ತದಾ?" ಎಂದಳು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಪಾವಗಡದ ಮಕ್ಕಳನ್ನು ಕಂಡವಳು ಅವಳು. "ಪುಣ್ಯವಂತ್ರು ಬುಡು" ಎಂದು ತಣ್ಣೀರಿನಲ್ಲಿ ಪೂಜೆ ಮುಗಿಸಿದಳು. ನನಗೂ ಹಾಗೆಯೇ ಅನ್ನಿಸಿತ್ತು. ಭೂಮಿಯೊಳಗಿನ ಶಾಖದ ಬಗ್ಗೆ ಎಷ್ಟೋ ಪಾಠ ಮಾಡಿದ್ದೆ, ಅದರಲ್ಲಿ ಮೈ ತೊಳೆದುಕೊಂಡದ್ದು ಅವತ್ತೇ ಮೊದಲು.

ಬಿರುಕಿನ ಕಣಿವೆ

ಥಿಂಗ್ವೆಟ್ಲಿರ್ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ ನೆಲ ಎರಡಾಗಿ ಸೀಳಿದೆ. ಒಂದು ಕಡೆ ಅಮೆರಿಕವನ್ನು ಹೊತ್ತ ಭೂಫಲಕ, ಇನ್ನೊಂದು ಕಡೆ ಯುರೋಪನ್ನು ಹೊತ್ತದ್ದು. ಎರಡೂ ನಮ್ಮ ಉಗುರು ಬೆಳೆಯುವಷ್ಟು ನಿಧಾನಕ್ಕೆ ದೂರ ಸರಿಯುತ್ತಿವೆ. ನಡುವಿನ ದಾರಿಯಲ್ಲಿ ನಡೆಯುತ್ತಾ ಎರಡೂ ಬದಿಯ ಕರಿಗೋಡೆಗಳನ್ನು ನೋಡಿದೆ. ಪುಸ್ತಕದಲ್ಲಿ ಅದು ಬಾಣದ ಗುರುತು ಹಾಕಿದ ಎರಡು ಗೆರೆ. ಇಲ್ಲಿ ಗೋಡೆಗೆ ಬೆನ್ನುಕೊಟ್ಟು ನಿಂತರೆ ತಣ್ಣಗೆ ತಾಗುತ್ತದೆ, ಸಂದಿಯಲ್ಲಿ ಹೂವು ಬಿಟ್ಟಿರುತ್ತದೆ. ಓದಿದ್ದು ನಿಜ ಎಂದು ಗೊತ್ತಿದ್ದೂ, ನಿಜವಾಗಿ ನೋಡಿದಾಗ ಏನೋ ಆಗುತ್ತದೆ.

ನಾನು ಹೀಗೆ ಮೈಮರೆತಿದ್ದಾಗ ಅಕ್ಕ ತನ್ನ ಕೆಲಸ ನೋಡಿಕೊಂಡಿದ್ದಳು. ಅವಳಿಗೊಂದು ಅಭ್ಯಾಸ: ತೆಂಗಿನಕಾಯಿಯಾಗಲಿ, ಮಡಕೆಯಾಗಲಿ, ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳದೆ ಕೊಳ್ಳುವವಳಲ್ಲ. ದಾರಿ ಬದಿಯ ಕಲ್ಲುಗಳನ್ನೂ ಕುಟ್ಟಿ ನೋಡಿ, ಪಾಚಿಯೊಳಗಿಂದ ಮೂರನ್ನು ಆರಿಸಿ, ಒಂದರ ಮೇಲೊಂದು ಜೋಡಿಸಿ, ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು.

ಅಷ್ಟರಲ್ಲಿ ಉದ್ಯಾನದ ಕಾವಲಿನ ಯುವಕನೊಬ್ಬ ಬಂದ. ನಗುನಗುತ್ತಲೇ ಬಗ್ಗಿ ಮೂರೂ ಕಲ್ಲುಗಳನ್ನು ಎತ್ತಿ, ಪಾಚಿಯೊಳಗೆ ಮೊದಲಿದ್ದ ಜಾಗದಲ್ಲೇ ಇಟ್ಟ. ಕಣ್ಣುಬಿಟ್ಟ ಅಕ್ಕನಿಗೆ ಕಂಡದ್ದು ಬರಿ ನೆಲ.

"ಎಂದುಕಯ್ಯಾ ಪಡಗೊಡ್ತಾವು? ಯಾಕಪ್ಪಾ ಬೀಳಿಸ್ದೆ? ನನ್ ಮನೆ ಕಣೋ ಅದು!"

ಅವನು ಗಾಬರಿಯಾಗಿ ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ. ಈ ದೇಶದಲ್ಲಿ ಹಿಮ, ಮಂಜು ಕವಿದಾಗ ದಾರಿ ತೋರಿಸುವುದು ಕಲ್ಲುಗುಡ್ಡೆಗಳೇ. ಹಿಂದಿನವರು ಅವನ್ನೇ ನಂಬಿ ನಡೆದವರು. ಪ್ರವಾಸಿಗರು ಕಂಡಕಂಡಲ್ಲಿ ಜೋಡಿಸಿದರೆ ದಾರಿ ತಪ್ಪುತ್ತದೆ. ಮೇಲಾಗಿ ಕಿತ್ತ ಪಾಚಿ ಮತ್ತೆ ಬೆಳೆಯಲು ಒಂದು ತಲೆಮಾರೇ ಬೇಕು. ಅವನು ಹೇಳಿದ್ದು ಸರಿಯಾಗಿತ್ತು. ನಾನು ಕ್ಷಮೆ ಕೇಳಿದೆ. ಅವನು ಅಕ್ಕನಿಗೆ ತಲೆಬಾಗಿಸಿ ಹೋದ.

ಬಸ್ಸಿನಲ್ಲಿ ಅಕ್ಕ ಕಿಟಕಿಯತ್ತ ತಿರುಗಿಯೇ ಹೇಳಿದಳು: "ಗುದ್ದಲಿ ಮುರೀತು. ಜೋಡ್ಸಿದ್ ಕಲ್ಲೂ ಉರುಳ್ತು. ಇನ್ನೆಂಗ್ ಹೇಳ್ಬೇಕು ಅದು? ನಿನ್ ಯಜಮಾನ್ರಿಗೆ ಫೋನ್ ಮಾಡು. ಕೊಟ್‌ಬುಡಿ ಅಂತ ಹೇಳು."

"ಊರಿಗೆ ಹೋಗಿ ಮಾತಾಡೋಣ ಅಕ್ಕ" ಎಂದೆ. ಶಕುನ ಗಿಕುನ ಎಲ್ಲ ಸುಳ್ಳು ಎಂದು ಶಾಲೆಯಲ್ಲಿ ಭಾಷಣ ಬಿಗಿಯುವುದು ಸುಲಭ. ಅತ್ತು ಕೆಂಪಾದ ಅಕ್ಕನ ಕಣ್ಣೆದುರು ಅದು ಸುಲಭವಲ್ಲ.

ಹೆಲ್ಗಾಳ ಊರು

ನಮ್ಮ ಸಪ್ಪೆ ಮುಖ ನೋಡಿಯೋ ಏನೋ, ಮಾರನೆಯ ದಿನ ಹೆಲ್ಗಾ ತಾನೇ ಕಾರು ತೆಗೆದಳು. "ಬನ್ನಿ, ಹೊಸ ಕಲ್ಲು ತೋರಿಸುತ್ತೇನೆ" ಎಂದಳು.

ಹೊಸ ಕಲ್ಲು! ನಮ್ಮ ಕಡೆ ಆ ಮಾತನ್ನು ಯಾರಾದರೂ ಆಡಿದರೆ ನಗುತ್ತಾರೆ. ಮಧುಗಿರಿಯ ಬಂಡೆಗೆ ಹತ್ತಿರ ಹತ್ತಿರ ಇನ್ನೂರೈವತ್ತು ಕೋಟಿ ವರ್ಷ. ಇಲ್ಲಿ ಕಾಲಿಟ್ಟ ಕಲ್ಲು ನನ್ನ ನಿವೃತ್ತಿಯ ಬೀಳ್ಕೊಡುಗೆ ಶಾಲಿಗಿಂತ ಹೊಸದು. ಕರಿಯ ಕಲ್ಲಿನ ಸಮುದ್ರವೊಂದು ಉಕ್ಕುಕ್ಕಿ ಬಂದು ಹಾಗೇ ಗಟ್ಟಿಯಾಗಿತ್ತು. ಅಲ್ಲಲ್ಲಿ ಹಬೆ ಏಳುತ್ತಿತ್ತು. ಅಂಗೈ ಇಟ್ಟರೆ ಕಲ್ಲು ಇನ್ನೂ ಬೆಚ್ಚಗೆ. ನನ್ನ ತ್ರಿಕೋನ ಮಾತ್ರ ಎಲ್ಲೂ ಕಾಣಲಿಲ್ಲ. ಇಲ್ಲಿ ಬೆಂಕಿ ಬಂದದ್ದು ಬೆಟ್ಟದ ತುದಿಯಿಂದಲ್ಲ. ಬಯಲಿನಲ್ಲಿ ನೆಲ ಉದ್ದಕ್ಕೆ ಬಿರಿದು, ಆ ಬಿರುಕಿನುದ್ದಕ್ಕೂ ಬೆಂಕಿಯ ಪರದೆಯೇ ಎದ್ದಿತಂತೆ.

ಹೆಲ್ಗಾ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು, ನಾನು ಅಕ್ಕನಿಗೆ ಕನ್ನಡ ಮಾಡುತ್ತಾ ಹೋದೆ. ನೆಲ ಉಬ್ಬುವುದನ್ನು ಉಪಗ್ರಹಗಳ ನೆರವಿನಿಂದ ಬೆರಳಗಲದ ಲೆಕ್ಕದಲ್ಲಿ ಅಳೆಯುತ್ತಾರೆ. ಕರಗಿದ ಕಲ್ಲು ನೆಲದಡಿಯಲ್ಲಿ ಮೆಲ್ಲಗೆ ತೆವಳುತ್ತದೆ ಎಂದೇ ನಾನು ತಿಳಿದಿದ್ದೆ. ಇಲ್ಲಿ ಅದು ಕೆಲವೇ ಗಂಟೆಗಳಲ್ಲಿ ಒಂದು ಊರಿನ ಅಡಿಯವರೆಗೆ ಹೊಳೆಯಂತೆ ನುಗ್ಗಿತ್ತು. ಅಷ್ಟು ವೇಗವಾಗಿ ಹರಿಯಬಲ್ಲದೆಂದು ವಿಜ್ಞಾನಿಗಳೂ ಬೆರಗಾದರಂತೆ. ಆದರೂ ಲೆಕ್ಕ ಹಾಕಿ, ಮೇಲೆ ಬರುವ ಮೊದಲೇ ಊರಿಗೆ ಊರನ್ನೇ ಖಾಲಿ ಮಾಡಿಸಿದರು. ಆಮೇಲೆ ಮಣ್ಣಿನ ಕೋಟೆಗೋಡೆ ಕಟ್ಟಿ ಬೆಂಕಿಯ ಹೊಳೆಯನ್ನೇ ಪಕ್ಕಕ್ಕೆ ತಿರುಗಿಸಿದರು. ಆ ಗೋಡೆಗೆ ಬಂದು ಮುಟ್ಟಿ ನಿಂತ ಕರಿಕಲ್ಲನ್ನು ನೋಡಿದಾಗ ನನಗೆ ಆ ಅಳೆಯುವವರು, ಅಗೆಯುವವರು ಎಲ್ಲರಿಗೂ ಕೈಮುಗಿಯಬೇಕೆನ್ನಿಸಿತು.

ಅಕ್ಕ ಮಾತ್ರ ಬಗ್ಗಿ ಕಲ್ಲಿನ ಮೇಲ್ಪದರವನ್ನು ಗೆಣ್ಣಿನಿಂದ ಕುಟ್ಟಿದಳು. ಡಬ್ ಡಬ್ ಎಂದಿತು. "ಒಳಗೆ ಟೊಳ್ಳು ಕಣೇ" ಎಂದು ಥಟ್ಟನೆ ಹಿಂದೆ ಸರಿದಳು. ನಾನು ಅದನ್ನು ಹೆಲ್ಗಾಳಿಗೆ ಇಂಗ್ಲಿಷ್ ಮಾಡಿದೆ.

"ಹೌದು, ಎಷ್ಟೋ ಕಡೆ ಒಳಗೆ ಟೊಳ್ಳು" ಎಂದಳು ಹೆಲ್ಗಾ. "ಇನ್ನು ನಮ್ಮ ಮನೆ ನೋಡೋಣ."

ಖಾಲಿಯಾದ ಆ ಮೀನುಗಾರರ ಊರು ಅವಳದೇ ಎಂದು ನಮಗೆ ಗೊತ್ತಾದದ್ದು ಆಗಲೇ. ಬೀದಿಗಳಿದ್ದವು, ಮನೆಗಳಿದ್ದವು, ಕಿಟಕಿಗಳಲ್ಲಿ ಪರದೆಗಳೂ ಇದ್ದವು. ಜನರಿರಲಿಲ್ಲ. ಹೆಲ್ಗಾಳ ಮನೆ ಹೊರಗಿನಿಂದ ಅಚ್ಚುಕಟ್ಟಾಗಿಯೇ ಇತ್ತು. ಹಿತ್ತಿಲಿಗೆ ಹೋದರೆ, ಅಡುಗೆಮನೆಯ ಗೋಡೆಯ ಕೆಳಗಿಂದ ಹೊರಟ ಬಿರುಕೊಂದು ಬೇಲಿ ದಾಟಿ ಹೋಗಿತ್ತು. ಸುತ್ತಲೂ ತಡೆಗಂಬಿ ಹಾಕಿದ್ದರು. ಹಣ ಕೊಟ್ಟು ಕೊಂಡುಕೊಂಡಿದ್ದರಿಂದ ಮನೆ ಈಗ ಸರ್ಕಾರದ್ದು. ಅವಳಿಗೆ ಉಳಿದದ್ದು ಬೇಲಿಯಂಚಿನಲ್ಲಿ ತಾನೇ ನೆಟ್ಟ ರುಬಾರ್ಬ್ ಗಿಡಗಳು, ಕೆಂಪು ದಂಟು, ಆನೆಕಿವಿಯಂಥ ಎಲೆ. ಅಕ್ಕ ಎಲೆಯ ತುದಿ ಹರಿದು ಬಾಯಿಗಿಡಲು ಹೋದಳು. ಹೆಲ್ಗಾ ಓಡಿಬಂದು ಕೈ ಹಿಡಿದಳು. ಎಲೆ ವಿಷ, ದಂಟನ್ನಷ್ಟೇ ತಿನ್ನಬೇಕು! ಸೊಪ್ಪು ಬಿಟ್ಟು ದಂಟು ತಿನ್ನುವ ಊರೂ ಉಂಟೇ ಎಂದು ಅಕ್ಕನಿಗೆ ಅಚ್ಚರಿ. ಚೂರು ದಂಟು ಕಡಿದು, ಕಣ್ಣು ಕಿರಿದು ಮಾಡಿ, "ಪಾವಗಡದ ಗೋಂಗೂರ ಸೊಪ್ಪಿನ ಹುಳಿ ಇದ್ದಂಗೇ ಐತೆ!" ಎಂದಳು. ಎರಡು ದಿನದಲ್ಲಿ ಅವಳು ನಕ್ಕದ್ದು ಆಗಲೇ.

ಆಮೇಲೆ ಬಿರುಕಿನತ್ತ ನೋಡುತ್ತಾ ತಾನೇ ಶುರು ಮಾಡಿದಳು. "ಹೆಲ್ಗಮ್ಮನಿಗೆ ಹೇಳು. ನಂಗೂ ಒಂದು ಜಾಗ ಐತೆ, ಆದ್ರೆ ದಕ್ಕಲಿಲ್ಲ. ಗುದ್ದಲಿ ಮುರ್ದೋಯ್ತು ಅಂತ ಹೇಳು."

ಹೇಳಿದೆ. ಹೆಲ್ಗಾ ಇನ್ನೊಮ್ಮೆ ಹೇಳೆಂದಳು. ಗುದ್ದಲಿಯೇ ಮುರಿಯಿತೇ? ಬಂಡೆ ಎಷ್ಟು ಆಳದವರೆಗಿದೆ? ಯಾವ ಕಾಲದ್ದು? ಗ್ರಾನೈಟಿನೊಳಗೆ ಮರಳಿಗಿಂತ ಸಣ್ಣ ಜಿರ್ಕಾನ್ ಹರಳುಗಳಿರುತ್ತವೆ, ಅವುಗಳಲ್ಲಿನ ಯುರೇನಿಯಂ ಸೀಸವಾಗುತ್ತಾ ಹೋಗುವುದೇ ಕಲ್ಲಿನ ಗಡಿಯಾರ, ಅದರ ಲೆಕ್ಕದಲ್ಲಿ ಇನ್ನೂರೈವತ್ತು ಕೋಟಿ ವರ್ಷ ಎಂದೆ. ಡೈನೋಸಾರ್‌ಗಳು ಬಂದು ಹೋದದ್ದು ಆ ಬಂಡೆಗೆ ಮೊನ್ನೆ ಮೊನ್ನೆಯ ಮಾತು ಎಂದೆ.

ಹೆಲ್ಗಾ ನನ್ನನ್ನು ಬಿಟ್ಟು ನೇರ ಅಕ್ಕನನ್ನೇ ನೋಡುತ್ತಾ ಹೇಳಿದಳು:

"ನನ್ನ ನೆಲ ತುಂಬಾ ಒಳ್ಳೆಯದು. ಸನಿಕೆ ಇಟ್ಟರೆ ಬೆಣ್ಣೆಗೆ ಇಟ್ಟ ಹಾಗೆ ಇಳಿಯುತ್ತಿತ್ತು. ಆಲೂಗೆಡ್ಡೆ ಬೆಳೆದೆ, ಮಕ್ಕಳನ್ನು ಬೆಳೆಸಿದೆ. ಒಂದು ಸಂಜೆ ಅದೇ ನೆಲ ಬಾಯಿ ತೆರೆಯಿತು. ಸನಿಕೆ ಮುರಿಯುವಷ್ಟು ಗಟ್ಟಿ ನೆಲ ನನಗೆ ಸಿಕ್ಕಿದ್ದರೆ, ನಾನು ಅದರ ಮೇಲೆ ಬೋರಲು ಮಲಗಿಬಿಡುತ್ತಿದ್ದೆ. ಯಾರು ಕರೆದರೂ ಏಳುತ್ತಿರಲಿಲ್ಲ."

ನಾನು ಕನ್ನಡ ಮಾಡಿ ಹೇಳಿದೆ. ಅಕ್ಕ ಸೆರಗಿನಿಂದ ಹೆಲ್ಗಾಳ ಕೆನ್ನೆ ಒರೆಸಿದಳು. ಅಂದು ರಾತ್ರಿ ಆ ಕೆಂಪು ದಂಟಿಗೆ ಒಗ್ಗರಣೆ ಹಾಕಿ, ಹಸಿಮೆಣಸಿನಕಾಯಿ ಸೇರಿಸಿ ಗೊಜ್ಜು ಮಾಡಿದಳು. ಹೆಲ್ಗಾ ಕಣ್ಣಲ್ಲಿ ನೀರು ಸುರಿಸುತ್ತಾ ಎರಡು ಸಲ ಹಾಕಿಸಿಕೊಂಡಳು. ಬೇಸಿಗೆಯಲ್ಲಿ ಹೊತ್ತೇ ಮುಳುಗದಂಥ ಊರು, ರಾತ್ರಿ ಹನ್ನೊಂದು ಗಂಟೆಗೂ ಕಿಟಕಿಯಲ್ಲಿ ಬಿಸಿಲು.

ಕಲ್ಲುಗುಡ್ಡೆಗಳ ಬಯಲು

ಕೊನೆಯ ದಿನಗಳಲ್ಲಿ ಹೆಲ್ಗಾ ದಕ್ಷಿಣದಲ್ಲಿದ್ದ ತಂಗಿಯ ಊರಿಗೆ ಹೊರಟಿದ್ದಳು. ನಮ್ಮನ್ನೂ ಕೂರಿಸಿಕೊಂಡಳು. ಹಿಮಗಡ್ಡೆ ಹೊತ್ತ ಬೆಟ್ಟಗಳು, ಅವುಗಳಿಂದ ಧುಮ್ಮಿಕ್ಕುವ ಜಲಪಾತಗಳು, ಕರಿಮರಳಿನ ಕಡಲತೀರ, ನೋಡಿ ನೋಡಿ ನನ್ನ ಹೊಗಳಿಕೆಯ ಮಾತುಗಳೇ ಖಾಲಿಯಾದವು. ದಾರಿಯಲ್ಲಿ ಒಂದು ಕಡೆ ಕಾರು ನಿಲ್ಲಿಸಿ, "ಲೌಫ್‌ಸ್ಕಾಲವರ್ದಾ" ಎಂದಳು.

ಅಕ್ಕ ಇಳಿದವಳು ಹಾಗೇ ನಿಂತುಬಿಟ್ಟಳು. ಬಯಲಿನ ತುಂಬ ಜೋಡಿಸಿಟ್ಟ ಕಲ್ಲುಗಳು. ಸಿದ್ದರಬೆಟ್ಟವನ್ನೇ ಯಾರೋ ತಂದು ಸಮತಟ್ಟಾಗಿ ಹರಡಿದಂತಿತ್ತು.

ಸಾವಿರ ವರ್ಷಕ್ಕೂ ಹಿಂದೆ ಇಲ್ಲೊಂದು ತೋಟದ ಮನೆಯಿತ್ತಂತೆ. ಜ್ವಾಲಾಮುಖಿ ಸಿಡಿದು ಅದು ಹಾಳಾಯಿತು. ಅಂದಿನಿಂದ ಈ ದಾರಿಯಲ್ಲಿ ಮೊದಲ ಸಲ ಹೋಗುವವರು ಒಂದು ಕಲ್ಲು ಇಟ್ಟು, ಪ್ರಯಾಣ ಸುಖವಾಗಲಿ ಎಂದು ಹಾರೈಸಿಕೊಳ್ಳುತ್ತಾರೆ. ಇಟ್ಟು ಇಟ್ಟು ಸುತ್ತಮುತ್ತ ಕಲ್ಲೇ ಮುಗಿದು, ಈಗ ರಸ್ತೆ ಇಲಾಖೆಯವರೇ ಬೇರೆ ಕಡೆಯಿಂದ ಕಲ್ಲು ತಂದು ಸುರಿಯುತ್ತಾರೆ. ಒಂದು ಕಡೆ ಜೋಡಿಸಬೇಡಿ ಎನ್ನುವ ಶಿಸ್ತು, ಇನ್ನೊಂದು ಕಡೆ ಜೋಡಿಸಲು ಕಲ್ಲು ಒದಗಿಸುವ ಪ್ರೀತಿ. ಈ ದೇಶದ ಮೇಲೆ ನನಗೆ ಅಕ್ಕರೆಯೇ ಹುಟ್ಟಿತು.

"ಇಲ್ಲಿ ಯಾರೂ ಬೀಳ್ಸಲ್ವಾ?" ಎಂದು ಅಕ್ಕ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ರಾಶಿಯಿಂದ ಒಂದೊಂದೇ ಕಲ್ಲನ್ನು ಕುಟ್ಟಿ, ಸದ್ದು ಕೇಳಿ, ಮೂರನ್ನು ಆರಿಸಿದಳು. ಗಾಳಿ ಸೆರಗನ್ನು ಹಾರಿಸುತ್ತಿತ್ತು. ಜೋಡಿಸಿ, ಹಣೆಯ ವಿಭೂತಿಯನ್ನೇ ಬೆರಳಿಗೆ ತೆಗೆದು ಮೇಲಿನ ಕಲ್ಲಿಗೆ ಹಚ್ಚಿ, "ಹೆಲ್ಗಮ್ಮನಿಗೆ ಒಂದ್ ಮನೆಯಾಗ್ಲಪ್ಪಾ" ಎಂದು ಕೈಮುಗಿದಳು.

"ನಿಂಗೆ?" ಎಂದೆ.

"ನಂಗ್ಯಾಕೆ? ಮೂರ್ ಕಲ್ಲಿಟ್ಟು ಕೇಳ್ತಾ ಇದ್ದೆ, ಬಂಡೇನೇ ಕೊಟ್ಟವ್ನೆ ಸಿದ್ದರಬೆಟ್ಟದ ಸಿದ್ದಪ್ಪ. ನೋಡು, ಗುದ್ದಲಿ ಮುರೀತು ಅಂತ ಅಳ್ತಾ ಕೂತಿದ್ದೆ ನಾನು. ಎಂಥಾ ಪೆದ್ದಿ!"

ಹೆಲ್ಗಾ ಏನೆಂದು ಕೇಳಿದಳು. ನಾನು ಹೇಳಿದೆ. ಅವಳೂ ಒಂದು ಕಲ್ಲು ಹುಡುಕಿಕೊಂಡು ಬಂದಳು. ತಾನು ಈ ದಾರಿಯಲ್ಲಿ ಎಷ್ಟೋ ಸಲ ಓಡಾಡಿದವಳು, ನಿಯಮದ ಪ್ರಕಾರ ಇಡುವಂತಿಲ್ಲ ಎಂದಳು. ಇಟ್ಟೇಬಿಟ್ಟಳು.

ಮತ್ತೆ ಮಧುಗಿರಿ

ಊರಿಗೆ ಬಂದ ಮರುದಿನವೇ ಗೋಡೌನಿನ ಗಿರಾಕಿ ಹಾಜರಾದ. ಅಕ್ಕ ಅವನಿಗೆ ಕಾಫಿ ಕೊಟ್ಟು, "ಬೇರೆ ಕಡೆ ನೋಡ್ಕಳಪ್ಪ" ಎಂದಳು. ಅವನು ಬಂಡೆಯ ಮೇಲೆ ಮನೆ ಹೇಗೆ ಕಟ್ಟುತ್ತೀರೆಂದು ಕೇಳಿದ. "ಬಂಡೆ ಮೇಲೆ ಕೋಟೆನೇ ಕಟ್ಟವ್ರಲ್ಲಪ್ಪಾ, ತಲೆ ಎತ್ತಿ ನೋಡು" ಎಂದಳು.

ಮೊನ್ನೆ ಮತ್ತೆ ಪೂಜೆಯಾಯಿತು. ಅಯ್ಯನವರು ಹೊಸ ಕಾವು ಹಾಕಿಸಿದ ಗುದ್ದಲಿ ತಂದು, ಈ ಸಲ ಸ್ವಲ್ಪ ದೂರವೇ ನಿಂತಿದ್ದರು. ಅಕ್ಕ ಗುದ್ದಲಿ ಮುಟ್ಟಲಿಲ್ಲ. ಗೇಣುದ್ದ ಮಣ್ಣನ್ನು ಕೈಯಿಂದಲೇ ಸರಿಸಿ, ಬಂಡೆಗೆ ನೀರು ಹಾಕಿ ತೊಳೆದು, ವಿಭೂತಿ ಹಚ್ಚಿ, ಹೂವಿಟ್ಟಳು. ಆಮೇಲೆ ತೆಂಗಿನಕಾಯಿ ಕೊಳ್ಳುವವಳ ಹಾಗೆ ಬಗ್ಗಿ, ಬೆರಳ ಗೆಣ್ಣಿನಿಂದ ಬಂಡೆಯನ್ನು ಕುಟ್ಟಿ ಕಿವಿಗೊಟ್ಟಳು. ನಾನೂ ಬಗ್ಗಿ ಕುಟ್ಟಿದೆ. ಏನೂ ಕೇಳಿಸಲಿಲ್ಲ, ಬೆರಳು ಮಾತ್ರ ನೊಂದಿತು.

ಮೇಸ್ತ್ರಿ ಟೇಪು ಹಿಡಿದು ಮುಂದೆ ಬಂದ. "ಪಾಯ ಎಷ್ಟಡಿ ತೆಗೆಯಾನಮ್ಮ?"

ಅಕ್ಕ ಬಂಡೆಯ ಮೇಲೆ ಕಾಲು ಚಾಚಿ ಕೂತಿದ್ದಳು, ಮೊದಲ ಸಲ ತನ್ನ ಮನೆಯಲ್ಲಿ.

"ತೆಗೀಬೇಡಪ್ಪಾ" ಎಂದಳು, "ಹಾಕಿ ಆಗೈತೆ."